‘ಶುಕ್ರವಾರ ಬಂದರೆ ಮಗಳಿಗೆ ಹೊಟ್ಟೆನೋವು’: ಅಪ್ಪನ ಮನೆಗೆ ಮಕ್ಕಳನ್ನು ಕಳಿಸಲೇಬೇಕೇ?

ಪ್ರಶ್ನೆ: ನಮ್ಮದು ಕೊಡಗಿನ ಗೋಣಿಕೊಪ್ಪ ಕಡೆಯ ತೋಟದ ಮನೆ. ಮದುವೆಯಾಗಿ ಹತ್ತು ವರ್ಷ. ಮಗಳಿಗೆ 8, ಮಗನಿಗೆ 4. ಗಂಡ ಕುಡಿದಾಗ ನನ್ನ ಮೇಲೆ ಕೈ ಮಾಡುತ್ತಿದ್ದರು. ಮಗನಿಗೆ ಎರಡು ಸಲ ಬೆಲ್ಟಿನಲ್ಲಿ ಹೊಡೆದಿದ್ದಾರೆ. ಮಗಳು ಹಟ ಮಾಡಿದರೆ ಕಾಫಿ ಗೋದಾಮಿನಲ್ಲಿ ಕೂಡಿಹಾಕಿ ಲೈಟ್ ಆರಿಸುತ್ತಿದ್ದರು. ಐದು ತಿಂಗಳ ಹಿಂದೆ ಮಕ್ಕಳನ್ನು ಕರೆದುಕೊಂಡು ಸೋಮವಾರಪೇಟೆ ಹತ್ತಿರದ ತವರಿಗೆ ಬಂದೆ. ಹಿರಿಯರು ಕೂತು ಮಾತಾಡಿ ‘ಶನಿವಾರ, ಭಾನುವಾರ ಅಪ್ಪನ ಮನೆ’ ಎಂದರು. ಮೂರು ತಿಂಗಳಿಂದ ಕಳಿಸುತ್ತಿದ್ದೇನೆ. ಈಗ ಮಗಳು ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ. ಶುಕ್ರವಾರ ಬಂದರೆ ಹೊಟ್ಟೆನೋವು. ಮಕ್ಕಳನ್ನು ತಮ್ಮ ಸುಪರ್ದಿಗೆ ಕೊಡಿಸಬೇಕೆಂದು ಅವರು ಕೋರ್ಟಿಗೆ ಹೋಗಿದ್ದಾರೆ, ತೀರ್ಪಾಗುವವರೆಗೆ ವಾರಾಂತ್ಯದ ಭೇಟಿ ಬೇಕೆಂದು ಇನ್ನೊಂದು ಅರ್ಜಿಯೂ ಇದೆ. ಮುಂದಿನ ತಾರೀಕಿಗೆ ಮೂರು ವಾರ. ‘ಮಕ್ಕಳು ಒಕ್ಕದವರು (ಅಪ್ಪನ ಕುಲದವರು), ಕೊನೆಗೆ ಅಲ್ಲಿಗೇ ಹೋಗೋದು’ ಅನ್ನುತ್ತಾರೆ ಎಲ್ಲರೂ. ಹೊಡೆತದ ವಿಷಯ ಎತ್ತಿದರೆ ‘ತಾಯಿ ಹೇಳಿಕೊಟ್ಟಿದ್ದಾಳೆ’ ಎಂದು ನನ್ನ ಮೇಲೇ ತಿರುಗುತ್ತದಂತೆ. ಮನೆಯಲ್ಲಿ ಕೋವಿ ಇದೆ. ನನಗೆ ಕೆಲಸ ಇಲ್ಲ. ಮಗಳು ಹೇಳುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಲೇ? ಕಳಿಸುವುದನ್ನು ನಿಲ್ಲಿಸಿದರೆ ತಪ್ಪಾಗುತ್ತದೆಯೇ?

ಉತ್ತರ: ಮೊದಲು ಈ ಶನಿವಾರದ ವಿಷಯ. ಉಳಿದದ್ದಕ್ಕೆ ಸಮಯ ಇದೆ, ಇದಕ್ಕಿಲ್ಲ.

ಭೇಟಿಯ ಬಗ್ಗೆ ಸದ್ಯಕ್ಕೆ ನ್ಯಾಯಾಲಯದ ಆದೇಶ ಯಾವುದೂ ಇಲ್ಲ, ಇರುವುದು ಹಿರಿಯರ ಮಾತು. ಅದನ್ನು ಮುರಿದರೆ ನ್ಯಾಯಾಂಗ ನಿಂದನೆ ಆಗುವುದಿಲ್ಲ. ಆದರೆ ಏನೂ ಹೇಳದೆ ಕಳಿಸುವುದನ್ನು ನಿಲ್ಲಿಸಿದರೆ ಎದುರು ವಕೀಲರ ಮೊದಲ ವಾದವನ್ನು ನೀವೇ ಬರೆದುಕೊಟ್ಟಂತೆ: ‘ಮೂರು ತಿಂಗಳು ಕಳಿಸಿದರು, ನಾವು ಕೇಸು ಹಾಕಿದ ಕೂಡಲೇ ನಿಲ್ಲಿಸಿದರು.’ ನಿಲ್ಲಿಸುವುದಾದರೆ ಕಾರಣವನ್ನೂ ಬದಲಿ ವ್ಯವಸ್ಥೆಯನ್ನೂ ಅದೇ ದಿನ ಬರಹದಲ್ಲಿ ತಿಳಿಸಿ. ವಾಟ್ಸ್‌ಆ್ಯಪ್ ಸಾಕು. ‘ಮಗಳಿಗೆ ರಾತ್ರಿ ಹೀಗಾಗುತ್ತಿದೆ, ಡಾಕ್ಟರಿಗೆ ತೋರಿಸುತ್ತಿದ್ದೇನೆ. ಈ ವಾರ ರಾತ್ರಿ ಉಳಿಯಲು ಕಳಿಸುವುದಿಲ್ಲ. ಭಾನುವಾರ 11ರಿಂದ 1ರವರೆಗೆ ಸೋಮವಾರಪೇಟೆಯಲ್ಲಿ ನನ್ನ ಅಣ್ಣನ ಎದುರು ಮಕ್ಕಳನ್ನು ನೋಡಬಹುದು. ಬುಧವಾರ ಸಂಜೆ 6ಕ್ಕೆ ವಿಡಿಯೊ ಕರೆ ಮಾಡಿಸುತ್ತೇನೆ.’ ಇಷ್ಟೇ. ಬೈಗುಳ ಬೇಡ, ಹಳೆಯ ಪುರಾಣ ಬೇಡ. ಈ ಸಂದೇಶವನ್ನು ಮುಂದೊಂದು ದಿನ ನ್ಯಾಯಾಧೀಶರು ಓದುತ್ತಾರೆ ಎಂದುಕೊಂಡೇ ಬರೆಯಿರಿ. ಜತೆಗೆ, ಮೂರು ವಾರ ಕಾಯದೆ ಪ್ರಕರಣವನ್ನು ಮುಂಚಿತವಾಗಿ ಕೈಗೆತ್ತಿಕೊಳ್ಳುವಂತೆ ಅರ್ಜಿ ಹಾಕಲು ನಿಮ್ಮ ವಕೀಲರಿಗೆ ಹೇಳಿ.

ಒಮ್ಮೆ ಆದೇಶ ಬಂದ ಮೇಲೆ ಲೆಕ್ಕ ಬೇರೆ. ಆದೇಶ ತಪ್ಪೆಂದು ಕಂಡರೂ ಅದನ್ನು ನೀವಾಗಿಯೇ ಮುರಿಯಬಾರದು, ಬದಲಿಸಲು ಕೇಳಬೇಕು. ಕರೆದೊಯ್ಯಲು ಬಂದವರು ಕುಡಿದಿದ್ದರೆ, ಅಥವಾ ಮಗುವಿನ ಮೈಮೇಲೆ ಹೊಸ ಗಾಯ ಕಂಡರೆ ಮಾತ್ರ ಆ ಹೊತ್ತಿಗೆ ಕಳಿಸದೆ 112ಕ್ಕೆ ಕರೆ ಮಾಡಿ, ಮರುದಿನವೇ ವಕೀಲರ ಮೂಲಕ ಕೋರ್ಟಿಗೆ ಮೆಮೊ ಕೊಡಿ. 112ರ ಕರೆಗೆ ಹೊತ್ತು ಗಂಟೆ ಸಮೇತ ದಾಖಲೆ ಇರುತ್ತದೆ. ಆಮೇಲೆ ‘ಕುಡಿದಿರಲೇ ಇಲ್ಲ’ ಎಂಬ ಮಾತು ಬಂದಾಗ ಅದು ನೆರವಿಗೆ ಬರುತ್ತದೆ.

ಇನ್ನು ಒಕ್ಕದ ಮಾತು. ಮಕ್ಕಳಿಗೆ ಒಕ್ಕದ ಹೆಸರು ಬರುವುದು, ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಅವರಿಗೊಂದು ಜಾಗ ಇರುವುದು ನಿಜ. ಅದನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ. ಆದರೆ ಮಗು ಯಾರ ಮನೆಯಲ್ಲಿ ಬೆಳೆಯಬೇಕು ಎಂಬುದನ್ನು ಒಕ್ಕ ನಿರ್ಧರಿಸುವುದಿಲ್ಲ. ಕೊಡವರಿಗೂ 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯೇ ಅನ್ವಯ. ಅದರ 6ನೇ ಕಲಂ ತಂದೆಯನ್ನು ಮೊದಲು ಹೆಸರಿಸುತ್ತದೆ, ‘ಆತನ ನಂತರ ತಾಯಿ’ ಎನ್ನುತ್ತದೆ. ಹಿರಿಯರ ಮಾತಿನ ಬೇರು ಬಹುಶಃ ಇಲ್ಲೇ. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ‘ನಂತರ’ ಎಂಬ ಪದವನ್ನು ತಂದೆ ಸತ್ತ ಮೇಲೆ ಎಂದು ಓದಬಾರದು ಎಂದು ಹೇಳಿತು. ಎಲ್ಲಕ್ಕಿಂತ ಮೇಲೆ 13ನೇ ಕಲಂ ಇದೆ: ಮಗುವಿನ ಹಿತವೇ ಪರಮ. ತಂದೆಯ ಹಕ್ಕಾಗಲಿ ತಾಯಿಯ ಹಕ್ಕಾಗಲಿ ಅದರ ಕೆಳಗೆ.

ಇದರ ಬೆನ್ನಿಗೇ ತಿರುಗಾಡುವ ಇನ್ನೆರಡು ತಪ್ಪು ತಿಳಿವಳಿಕೆಗಳಿವೆ. ಐದು ವರ್ಷದವರೆಗೆ ತಾಯಿ, ಐದು ತುಂಬಿದ ದಿನ ಅಪ್ಪ ಎಂಬುದು ಒಂದು. ಐದು ತುಂಬದ ಮಗು ‘ಸಾಮಾನ್ಯವಾಗಿ’ ತಾಯಿಯ ಬಳಿ ಇರಬೇಕು ಎಂದಷ್ಟೇ ಕಾಯ್ದೆ ಹೇಳುತ್ತದೆ. ಆಮೇಲೆ ತಂದೆಗೆ ಹೋಗಲಿ ಎಂದು ಎಲ್ಲೂ ಇಲ್ಲ. ಅಂದರೆ ಮಗನ ವಿಷಯದಲ್ಲಿ ಕಾನೂನಿನ ಒಲವು ನಿಮ್ಮ ಕಡೆ ಇದೆ, ಮಗಳ ವಿಷಯದಲ್ಲಿ ನೀವು ಕಾರಣಗಳನ್ನು ತೋರಿಸಬೇಕು. ಒಡಹುಟ್ಟಿದವರನ್ನು ಬೇರೆ ಮಾಡಲು ನ್ಯಾಯಾಲಯಗಳು ಹಿಂಜರಿಯುತ್ತವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಇಂತಿಷ್ಟು ವಯಸ್ಸಾದರೆ ಮಗು ಹೇಳಿದ್ದೇ ಅಂತಿಮ ಎಂಬುದು ಇನ್ನೊಂದು. 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯ 17ನೇ ಕಲಮಿನಲ್ಲಿ ವಯಸ್ಸಿನ ಅಂಕಿಯೇ ಇಲ್ಲ. ತಿಳಿದು ಹೇಳುವಷ್ಟು ದೊಡ್ಡದಾಗಿದ್ದರೆ ಮಗುವಿನ ಇಷ್ಟವನ್ನು ಪರಿಗಣಿಸಬಹುದು ಎಂದಿದೆ, ಅಷ್ಟೇ. ಕೆಲಸ ಇಲ್ಲ ಎಂಬ ನಿಮ್ಮ ಅಳುಕಿಗೆ ಒಂದೇ ಸಾಲು ಸಾಕು: ಆದಾಯ ಇರುವವರಿಂದ ಮಕ್ಕಳ ಖರ್ಚು ಕೊಡಿಸಲು ಕಾನೂನಿದೆ, ಬಡತನ ಮಗುವನ್ನು ಕಳೆದುಕೊಳ್ಳುವ ಕಾರಣ ಅಲ್ಲ.

ಈಗ ‘ಹೆಂಡತಿಗೆ ಹೊಡೆದಿರಬಹುದು, ಆದರೆ ಅಪ್ಪನಾಗಿ ಒಳ್ಳೆಯವನು’ ಎಂಬ ಮಾತು. ಇದನ್ನು ಎದುರು ಪಕ್ಷದವರಷ್ಟೇ ಅಲ್ಲ, ತವರಿನವರೂ ಹೇಳುತ್ತಾರೆ. ಪಕ್ಕದ ಕೋಣೆಯಲ್ಲಿ ಮಲಗಿದ ಮಗು ನಿದ್ದೆ ಮಾಡುತ್ತಿರುತ್ತದೆ ಎಂದು ದೊಡ್ಡವರು ನಂಬುತ್ತಾರೆ. ಅದು ಕೇಳಿಸಿಕೊಳ್ಳುತ್ತಿರುತ್ತದೆ. ಜೀಪು ಅಂಗಳಕ್ಕೆ ತಿರುಗುವ ಸದ್ದಿನಿಂದಲೇ ಅಪ್ಪ ಇವತ್ತು ಹೇಗಿದ್ದಾರೆ ಎಂದು ಅಳೆಯಲು ಕಲಿತ ಮಗುವಿನ ಮೈ ಸದಾ ಎಚ್ಚರದಲ್ಲಿರುತ್ತದೆ. ನಿದ್ದೆ, ಹಸಿವು, ಮೂತ್ರದ ಹಿಡಿತ, ಪಾಠದ ಗಮನ ಎಲ್ಲವೂ ಅದಕ್ಕೆ ಬಲಿ. ಯಾವಾಗ ಬೀಳುತ್ತದೋ ಗೊತ್ತಿಲ್ಲದ ಹೊಡೆತವನ್ನು ಕಾಯುವುದು ಹೊಡೆತದಷ್ಟೇ ಕೆಡಕು ಮಾಡುತ್ತದೆ. ಕತ್ತಲ ಗೋದಾಮಿನಲ್ಲಿ ಕೂಡಿಹಾಕುವುದು ಮೈಮೇಲೆ ಗುರುತು ಉಳಿಸುವುದಿಲ್ಲವಾದ್ದರಿಂದ ಜನ ಅದನ್ನು ‘ಶಿಸ್ತು’ ಅನ್ನುತ್ತಾರೆ. ಅಲ್ಲ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಮಗುವಿಗೆ ಅನಗತ್ಯ ಮಾನಸಿಕ ಯಾತನೆ ಕೊಡುವುದನ್ನೂ ಕ್ರೌರ್ಯದಲ್ಲೇ ಸೇರಿಸಿದೆ. ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

‘ಕುಡಿತ ಬಿಟ್ಟರೆ ಎಲ್ಲ ಸರಿಹೋಗುತ್ತದೆ’ ಎಂಬುದಕ್ಕೂ ಅರ್ಧವೇ ತಲೆಯಾಡಿಸಿ. ಕುಡಿತ ಕೈಯ ಹಿಡಿತ ಸಡಿಲಿಸುತ್ತದೆ, ನಿಜ. ಆದರೆ ಕುಡಿದು ಕ್ಲಬ್ಬಿನಲ್ಲಿ ಯಾರ ಮೇಲೂ ಕೈ ಎತ್ತದವರು ಮನೆಗೆ ಬಂದು ಮಾತ್ರ ಎತ್ತುತ್ತಾರೆ ಎಂದರೆ ಅಲ್ಲಿ ಕೆಲಸ ಮಾಡುತ್ತಿರುವುದು ಬರೀ ಮದ್ಯ ಅಲ್ಲ. ವ್ಯಸನಮುಕ್ತಿ ಕೇಂದ್ರದ ಪ್ರಮಾಣಪತ್ರ ಕುಡಿತದ ಬಗ್ಗೆ ಹೇಳುತ್ತದೆ, ಹಿಂಸೆಯ ಬಗ್ಗೆ ಅಲ್ಲ. ನ್ಯಾಯಾಲಯದಲ್ಲಿ ಎರಡನ್ನೂ ಬೇರೆಬೇರೆಯಾಗಿ ಎತ್ತಬೇಕು.

ಮಗಳ ಹಾಸಿಗೆ ಒದ್ದೆಯಾಗುವುದು, ಹೊಟ್ಟೆನೋವು: ಇವು ಸೂಚನೆ, ಸಾಕ್ಷ್ಯ ಅಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಒಳ್ಳೆಯ ಪ್ರಕರಣಗಳು ಸೋತಿವೆ. ಆರು ತಿಂಗಳಿಗೂ ಹೆಚ್ಚು ಕಾಲ ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗತೊಡಗಿದರೆ ಮಾನಸಿಕ ಒತ್ತಡ ಒಂದು ಕಾರಣ. ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆಯ ಆರಂಭ ಇವೂ ಕಾರಣಗಳೇ. ಆದ್ದರಿಂದ ಮೊದಲು ಮಕ್ಕಳ ವೈದ್ಯರ ಬಳಿ ಮೂತ್ರ ಮತ್ತು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಅವು ಸರಿಯಾಗಿವೆ ಎಂಬ ವರದಿ ಕೈಯಲ್ಲಿದ್ದಾಗ ‘ಒತ್ತಡದಿಂದ ಆಗುತ್ತಿರಬಹುದು’ ಎಂಬ ವೈದ್ಯರ ಮಾತಿಗೆ ತೂಕ ಬರುತ್ತದೆ. ಕ್ಯಾಲೆಂಡರಿನಲ್ಲಿ ಒದ್ದೆಯಾದ ರಾತ್ರಿಗಳನ್ನೂ ಒಣಗಿದ್ದ ರಾತ್ರಿಗಳನ್ನೂ ಎರಡನ್ನೂ ಗುರುತು ಹಾಕಿ. ಭೇಟಿಯ ಹಿಂದುಮುಂದಿನ ದಿನಗಳಲ್ಲಿ ಹೆಚ್ಚು, ನಡುವಿನ ದಿನಗಳಲ್ಲಿ ಕಡಿಮೆ ಎಂಬ ಮಾದರಿ ಇದ್ದರೆ ಅದು ತಾನಾಗಿ ಕಾಣಿಸುತ್ತದೆ. ಇಲ್ಲದಿದ್ದರೆ ಅದನ್ನೂ ಒಪ್ಪಿಕೊಳ್ಳಬೇಕು.

ಮೈಮೇಲಿನ ಗುರುತಿಗೂ ಇದೇ ಮಾತು. ತೋಟದಲ್ಲಿ ಓಡಾಡುವ ನಾಲ್ಕು ವರ್ಷದ ಹುಡುಗನ ಮೊಣಕಾಲು, ಮುಂಗಾಲು, ಹಣೆ ಕಲೆಯಿಲ್ಲದೆ ಇರುವುದೇ ಅಪರೂಪ. ಮಳೆಗಾಲದಲ್ಲಿ ಜಿಗಣೆ ಕಚ್ಚಿದ ಕಲೆ ಬೇರೆ. ಅವುಗಳ ಫೋಟೊ ಹಾಕಿ ಆರೋಪ ಮಾಡಿದರೆ ನಿಜವಾದ ಗಾಯದ ಮೇಲಿನ ನಂಬಿಕೆಯೂ ಹೋಗುತ್ತದೆ. ವೈದ್ಯರು ಅನುಮಾನದಿಂದ ನೋಡುವುದು ಬಿದ್ದಾಗ ಸುಲಭಕ್ಕೆ ಪೆಟ್ಟಾಗದ ಜಾಗಗಳನ್ನು: ಕಿವಿ, ಕುತ್ತಿಗೆ, ಬೆನ್ನು, ಪೃಷ್ಠ, ತೊಡೆಯ ಹಿಂಭಾಗ. ಬೆಲ್ಟಿನ ಏಟು ಸಾಮಾನ್ಯವಾಗಿ ಜೋಡಿ ಗೆರೆಯಾಗಿ ಏಳುತ್ತದೆ, ನಡುವೆ ಚರ್ಮ ತಿಳಿಯಾಗಿರುತ್ತದೆ. ಅಂಥದ್ದು ಕಂಡ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಯಾರು ಮಾಡಿದ್ದು ಎಂದು ಸ್ಪಷ್ಟವಾಗಿ ಹೇಳಿ ವೈದ್ಯಕೀಯ-ಕಾನೂನು ದಾಖಲೆಯಾದ ಎಂಎಲ್‌ಸಿ ಬರೆಸಿ. ಎಂಎಲ್‌ಸಿ ಆದರೆ ಆಸ್ಪತ್ರೆಯಿಂದ ಪೊಲೀಸರಿಗೆ ಮಾಹಿತಿ ಹೋಗುತ್ತದೆ, ಅದು ಗೊತ್ತಿದ್ದೇ ಹೋಗಿ. ಫೋಟೊ ಹಗಲು ಬೆಳಕಿನಲ್ಲಿ, ಒಂದು ಮಗುವಿನ ಮುಖ ಸೇರಿ ದೂರದಿಂದ, ಇನ್ನೊಂದು ಪಕ್ಕದಲ್ಲಿ ಸ್ಕೇಲ್ ಇಟ್ಟು ಹತ್ತಿರದಿಂದ. ಮೂರ್ನಾಲ್ಕು ದಿನ ಹೀಗೇ. ಕಲೆಯ ಬಣ್ಣ ನೋಡಿ ಇಂಥ ದಿನವೇ ಆದ ಪೆಟ್ಟು ಎಂದು ಯಾವ ವೈದ್ಯರೂ ಖಚಿತವಾಗಿ ಹೇಳಲಾರರು. ತಡಮಾಡಿ ಹೋದರೆ ನಷ್ಟ ಆಗುವುದು ಅದಕ್ಕೇ.

ವಿಡಿಯೊ ಬೇಡ. ನಿಮ್ಮ ಪ್ರಶ್ನೆಗಳಲ್ಲಿ ಇದೊಂದಕ್ಕೆ ನನ್ನ ಉತ್ತರ ನೇರ: ಬೇಡ. ಅಮ್ಮನ ದನಿಯಲ್ಲಿ ‘ಅಪ್ಪ ಏನು ಮಾಡಿದ್ರು ಹೇಳು, ಕತ್ತಲೆಯಲ್ಲಿ ಕೂಡಿಹಾಕಿದ್ರಲ್ಲ?’ ಎಂದು ಕೇಳಿಸುವ ವಿಡಿಯೊ ಎದುರು ಪಕ್ಷಕ್ಕೆ ಹಬ್ಬದೂಟ. ಉತ್ತರ ಪ್ರಶ್ನೆಯಲ್ಲೇ ಇದೆ. ಅದಕ್ಕಿಂತ ದೊಡ್ಡ ತೊಂದರೆ ಮಗುವಿಗೆ: ಒಂದೇ ಸಂಗತಿಯನ್ನು ಮತ್ತೆ ಮತ್ತೆ ಕೇಳಿದರೆ ‘ನಾನು ಮೊದಲು ಹೇಳಿದ್ದು ಸರಿಯಿಲ್ಲವೇನೋ’ ಎಂದುಕೊಂಡು ಮಕ್ಕಳು ಉತ್ತರ ಬದಲಿಸುತ್ತಾರೆ, ನೆನಪಿನ ಜತೆ ಕೇಳಿದವರ ಮಾತು ಬೆರೆಯುತ್ತದೆ. ಮಗಳು ತಾನಾಗಿ ಹೇಳಿದಾಗ ಕೇಳಿಸಿಕೊಳ್ಳಿ. ‘ಆಮೇಲೆ?’ ಎಂಬುದಕ್ಕಿಂತ ಹೆಚ್ಚು ಕೇಳಬೇಡಿ. ಅವಳು ಮಲಗಿದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ತಾರೀಕು, ಹೊತ್ತು, ಏನು ಮಾಡುತ್ತಿದ್ದಾಗ ಮಾತು ಬಂತು, ಜತೆಗೆ ಯಾರಿದ್ದರು, ಅವಳ ಮಾತು ಅವಳದೇ ಪದಗಳಲ್ಲಿ. ಕೊಡವ ತಕ್ಕಿನಲ್ಲಿ ಹೇಳಿದರೆ ಹಾಗೇ ಬರೆಯಿರಿ, ಕನ್ನಡಕ್ಕೆ ತಿರುಗಿಸಬೇಡಿ. ಪುಟ ಹರಿಯಬಾರದು, ಹಳೆಯದನ್ನು ಹೊಸ ಪೆನ್ನಿನಲ್ಲಿ ತುಂಬಿಸಬಾರದು. ನೀವೇ ಮಕ್ಕಳ ಮೇಲೆ ರೇಗಿ ಕೈ ಎತ್ತಿದ ದಿನ ಇದ್ದರೆ ಅದನ್ನೂ ಬರೆಯಿರಿ. ಪಾಟೀ ಸವಾಲಿನಲ್ಲಿ ಅದು ಹೇಗೂ ಬರುತ್ತದೆ, ನಿಮ್ಮ ಬರಹದಲ್ಲೇ ಮೊದಲು ಬಂದರೆ ಉಳಿದದ್ದು ನಂಬಿಕೆಗೆ ಅರ್ಹವಾಗುತ್ತದೆ.

ನಿಮಗೂ ಅವರಿಗೂ ಸೇರದವರ ಮಾತಿಗೆ ನ್ಯಾಯಾಲಯದಲ್ಲಿ ಬೆಲೆ ಹೆಚ್ಚು. ಮಗಳ ಕ್ಲಾಸ್ ಟೀಚರ್, ಮಗನ ಅಂಗನವಾಡಿ ಕಾರ್ಯಕರ್ತೆ, ಮಕ್ಕಳ ವೈದ್ಯರು. ಸೋಮವಾರ ಮಗಳು ಹೇಗಿರುತ್ತಾಳೆ ಎಂದು ಟೀಚರನ್ನು ಕೇಳಿ. ಏನು ಬರೆಯಬೇಕೆಂದು ಹೇಳಿಕೊಡಬೇಡಿ. ಹಾಜರಿ ದಾಖಲೆಯ ನಕಲನ್ನು ಶಾಲೆಯಿಂದ ಕೇಳಿ ಪಡೆಯಿರಿ. ಶಾಲೆಗೆ ಒಂದು ಮಿತಿ ಇದೆ: ಆದೇಶ ಇಲ್ಲದೆ ಅಪ್ಪನನ್ನು ಗೇಟಿನಲ್ಲಿ ತಡೆಯಲು ಅವರಿಗೆ ಅಧಿಕಾರವಿಲ್ಲ. ಆದೇಶ ಬಂದ ದಿನ ಅದರ ಪ್ರತಿ ಮುಖ್ಯ ಶಿಕ್ಷಕರ ಕೈಗೆ ಸೇರಬೇಕು.

ಗಂಡನ ಬೆದರಿಕೆ ಸಂದೇಶಗಳಿದ್ದರೆ ಸ್ಕ್ರೀನ್‌ಶಾಟ್ ಸಾಲದು. ಮೂಲ ಫೋನ್ ಇಟ್ಟುಕೊಳ್ಳಿ, ಏನನ್ನೂ ಅಳಿಸಬೇಡಿ. ಅವನ್ನು ಸಾಕ್ಷ್ಯವಾಗಿ ಕೊಡಲು 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ. ಅದರ ಎ ಭಾಗಕ್ಕೆ ನೀವು, ಬಿ ಭಾಗಕ್ಕೆ ತಜ್ಞರು ಸಹಿ ಮಾಡಬೇಕು.

ಇನ್ನು ‘ತಾಯಿ ಹೇಳಿಕೊಟ್ಟಿದ್ದಾಳೆ’ ಎಂಬ ಹೆದರಿಕೆ. ಇದು ಸುಳ್ಳು ಹೆದರಿಕೆ ಅಲ್ಲ, ಆ ವಾದ ಬಂದೇ ಬರುತ್ತದೆ. ಮಕ್ಕಳನ್ನು ಇನ್ನೊಬ್ಬ ಪೋಷಕರ ವಿರುದ್ಧ ಎತ್ತಿಕಟ್ಟುವ ತಾಯಂದಿರೂ ಇದ್ದಾರೆ, ತಂದೆಯರೂ ಇದ್ದಾರೆ, ಅದೂ ಮಗುವಿಗೆ ಮಾಡುವ ಮಾನಸಿಕ ಹಿಂಸೆಯೇ. ಆದರೆ 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಸುಪರ್ದಿ ಪ್ರಕರಣದಲ್ಲಿ, ಮಗು ಒಬ್ಬರನ್ನು ದೂರ ಮಾಡಿದೆ ಎಂಬುದರಿಂದಲೇ ಇನ್ನೊಬ್ಬರು ಕಿವಿ ಊದಿದ್ದಾರೆ ಎಂದು ತೀರ್ಮಾನಿಸಬಾರದು, ಹಾಗೆ ಊದಿದ ವರ್ತನೆ ಯಾವುದು ಎಂದು ನಿರ್ದಿಷ್ಟವಾಗಿ ಗುರುತಿಸಬೇಕು ಎಂದು ಕೆಳ ನ್ಯಾಯಾಲಯಗಳಿಗೆ ಹೇಳಿದೆ. ಹೊಡೆತಕ್ಕೆ ಹೆದರಿ ದೂರ ಸರಿದ ಮಗು ಸಾಮಾನ್ಯವಾಗಿ ಅಪ್ಪನ ಒಳ್ಳೆಯದನ್ನೂ ಹೇಳುತ್ತದೆ: ‘ಅಪ್ಪ ತೋಟಕ್ಕೆ ಕರ್ಕೊಂಡು ಹೋಗ್ತಾರೆ, ಆದರೆ ರಾತ್ರಿ ಹೆದರಿಕೆ.’ ಹೇಳಿಕೊಟ್ಟ ಮಗು ಎಲ್ಲವನ್ನೂ ಕಪ್ಪಾಗಿ ಹೇಳುತ್ತದೆ, ದೊಡ್ಡವರ ಪದಗಳಲ್ಲಿ ಹೇಳುತ್ತದೆ. ಮಗಳು ಅಪ್ಪನನ್ನು ನೆನೆಸಿಕೊಂಡರೆ ತಡೆಯಬೇಡಿ, ಅದಕ್ಕೆ ಇದೂ ಒಂದು ಕಾರಣ.

ಈಗ ಮುಖ್ಯ ವಿಷಯ. ‘ಭೇಟಿಯೇ ಬೇಡ’ ಎಂದು ಕೇಳಬೇಕೋ, ಬೇರೇನಾದರೂ ಕೇಳಬೇಕೋ? ನೀವು ಬರೆದಷ್ಟನ್ನು ಇಟ್ಟುಕೊಂಡು ಹೇಳುವುದಾದರೆ, ಪೂರ್ತಿ ನಿಷೇಧವನ್ನೇ ನೆಚ್ಚಿ ಹೋಗುವುದು ಅಪಾಯ. ಅದು ಸಿಗದಿದ್ದರೆ ನ್ಯಾಯಾಧೀಶರ ಮುಂದೆ ಉಳಿಯುವುದು ಅವರು ಕೇಳಿದ ‘ಶುಕ್ರವಾರ ಸಂಜೆಯಿಂದ ಭಾನುವಾರ ಸಂಜೆ’ ಒಂದೇ. ನಡುವಿನ ದಾರಿಯನ್ನು ಯಾರೂ ಕಾಗದದ ಮೇಲೆ ಇಟ್ಟಿರುವುದಿಲ್ಲ. ಹಾಗಾಗಿ ಮೊದಲ ಕೋರಿಕೆಯಾಗಿ ನಿಷೇಧ ಇರಲಿ, ಅದರ ಕೆಳಗೆ ‘ಅದು ಸಾಧ್ಯವಿಲ್ಲದಿದ್ದರೆ’ ಎಂದು ಮೇಲ್ವಿಚಾರಣೆಯ ಭೇಟಿಯ ಷರತ್ತುಗಳು ಒಂದೊಂದಾಗಿ ಬರಲಿ.

ಹಗಲು ಹೊತ್ತು ಮಾತ್ರ, ಎರಡು ಗಂಟೆ, ರಾತ್ರಿ ತಂಗುವಂತಿಲ್ಲ. ಮಕ್ಕಳನ್ನು ವಾಹನದಲ್ಲಿ ಬೇರೆಡೆ ಕರೆದೊಯ್ಯುವಂತಿಲ್ಲ. ಭೇಟಿಗೆ 12 ಗಂಟೆ ಮೊದಲಿಂದ ಮದ್ಯ ಮುಟ್ಟುವಂತಿಲ್ಲ, ಮುಟ್ಟಿದ್ದು ಕಂಡರೆ ಆ ದಿನದ ಭೇಟಿ ರದ್ದು. ಕೂಡಿಹಾಕುವುದು, ಹೊಡೆಯುವುದು ಇಲ್ಲ ಎಂಬ ಲಿಖಿತ ಮುಚ್ಚಳಿಕೆ. ಮಕ್ಕಳ ಮೂಲಕ ಸಂದೇಶ ಕಳಿಸುವಂತಿಲ್ಲ. ಎರಡು ಮೂರು ತಿಂಗಳು ಹೀಗೆ ನಡೆದ ಮೇಲೆ ಮಗಳ ಸ್ಥಿತಿ ನೋಡಿ ಪರಿಶೀಲನೆ.

ಮೇಲ್ವಿಚಾರಕರು ಯಾರು ಎಂಬಲ್ಲೇ ಹೆಚ್ಚಿನ ವ್ಯವಸ್ಥೆಗಳು ಕೆಡುತ್ತವೆ. ‘ಅಜ್ಜಿ ಇರ್ತಾರಲ್ಲ’ ಎಂಬ ಪ್ರಸ್ತಾಪ ಖಂಡಿತ ಬರುತ್ತದೆ. ಬೆಲ್ಟು ಎತ್ತಿದ ದಿನ ಆ ಅಜ್ಜಿ ಮನೆಯಲ್ಲಿದ್ದರೇ? ಇದ್ದರೆ ತಡೆದರೇ? ಹಿಂಸೆ ನಡೆದೇ ಇಲ್ಲ ಎನ್ನುವವರು ಕಾವಲು ಕಾಯಲಾರರು. ಕೈ ಹಿಡಿದು ತಡೆಯುವ ಧೈರ್ಯ ಇಲ್ಲದವರೂ ಕಾಯಲಾರರು. ನಿಮ್ಮ ಅಣ್ಣನೂ ದೀರ್ಘಕಾಲಕ್ಕೆ ಸರಿಯಾದ ಆಯ್ಕೆ ಅಲ್ಲ, ಭೇಟಿ ಜಗಳದ ಕಟ್ಟೆಯಾಗುತ್ತದೆ. ಎರಡೂ ಕಡೆಯವರು ಒಪ್ಪುವ ನಿವೃತ್ತ ಶಿಕ್ಷಕಿಯೋ, ನ್ಯಾಯಾಲಯ ನೇಮಿಸುವ ಕೌನ್ಸೆಲರೋ ಆದರೆ ಒಳ್ಳೆಯದು. ಜಾಗಕ್ಕೆ ನ್ಯಾಯಾಲಯದ ಆವರಣ ಸುರಕ್ಷಿತ, ಆದರೆ ಮಕ್ಕಳಿಗೆ ಹಿಡಿಸುವುದಿಲ್ಲ. ಪೊಲೀಸ್ ಠಾಣೆಯನ್ನಂತೂ ಕೇಳಬೇಡಿ. ಅಪ್ಪನನ್ನು ನೋಡಲು ಠಾಣೆಗೆ ಹೋಗುವ ಮಗು ತನ್ನಿಂದಲೇ ಏನೋ ತಪ್ಪಾಗಿದೆ ಎಂದುಕೊಳ್ಳುತ್ತದೆ. ನೀವಿಬ್ಬರೂ ಎದುರಾಗುವ ಹಸ್ತಾಂತರದ ಹೊತ್ತು ಅತಿ ಸೂಕ್ಷ್ಮ. ಮೂರನೆಯವರ ಕೈಯಲ್ಲಿ, ಜನ ಇರುವ ಕಡೆ ಆಗಲಿ, ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ಬೇಡ.

ಮಳೆಗಾಲವನ್ನೂ ಆದೇಶದಲ್ಲಿ ಬರೆಸಿಕೊಳ್ಳಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ರಸ್ತೆ ಯಾವಾಗ ಮುಚ್ಚುತ್ತದೋ, ಕರೆಂಟ್, ನೆಟ್‌ವರ್ಕ್ ಯಾವಾಗ ಹೋಗುತ್ತದೋ. ಜಿಲ್ಲಾಧಿಕಾರಿ ಶಾಲೆಗಳಿಗೆ ಮಳೆ ರಜೆ ಕೊಟ್ಟ ದಿನ ಭೇಟಿ ಇಲ್ಲ, ಮುಂದಿನ ವಾರ ಅದನ್ನು ಸರಿದೂಗಿಸುವುದು; ವಿಡಿಯೊ ಕರೆ ಸಿಗದಿದ್ದರೆ ಮರುದಿನ ಅದೇ ಹೊತ್ತಿಗೆ. ಇದನ್ನು ಬರೆಯದೆ ಬಿಟ್ಟರೆ ಬಿದ್ದ ಪ್ರತಿ ಮರವೂ ‘ಬೇಕೆಂತಲೇ ತಪ್ಪಿಸಿದಳು’ ಎಂಬ ಅರ್ಜಿಯಾಗುತ್ತದೆ. ಹಬ್ಬಗಳೂ ಹಾಗೇ. ಸುಗ್ಗಿ ಹಬ್ಬ ಪುತ್ತರಿಗೆ ಮಕ್ಕಳು ಐನ್‌ಮನೆಗೆ ಬರಲಿ ಎಂದು ಅವರು ಕೇಳಿದರೆ ಖಡಾಖಂಡಿತ ಇಲ್ಲ ಎನ್ನಬೇಡಿ, ಹೆಸರಿಸಿದ ಒಬ್ಬ ಹಿರಿಯರ ಜವಾಬ್ದಾರಿಯಲ್ಲಿ ಹಗಲಿನ ಕೆಲವು ಗಂಟೆ ಎನ್ನಿ. ಕೈಲ್‌ಪೊಳ್ದಿನ (ಆಯುಧ ಪೂಜೆಯ ಹಬ್ಬ) ವಿಷಯದಲ್ಲಿ ಮಾತ್ರ ಈ ವರ್ಷ ಬಿಗಿಯಾಗಿರಿ: ಅಂದು ಕೋವಿ ಹೊರಗಿರುತ್ತದೆ, ಗ್ಲಾಸೂ ಹೊರಗಿರುತ್ತದೆ.

ಕೋವಿಯ ಮಾತು. ಕೋವಿ ಇರುವ ಮನೆಯೆಲ್ಲ ಅಪಾಯದ ಮನೆ ಅಲ್ಲ, ಕೊಡಗಿನಲ್ಲಿ ಹಾಗೆಂದರೆ ಯಾರೂ ಕೇಳುವುದೂ ಇಲ್ಲ. ನಿಮ್ಮನ್ನು ಕೇಳಬೇಕಾದ ಪ್ರಶ್ನೆ ಬೇರೆ: ಕೋವಿ ತೋರಿಸಿಯೋ ಅದರ ಹೆಸರೆತ್ತಿಯೋ ಬೆದರಿಸಿದ್ದಾರೆಯೇ? ಎಂದಾದರೂ ನಿಮ್ಮ ಕುತ್ತಿಗೆ ಹಿಸುಕಿದ್ದಾರೆಯೇ? ‘ನಿಮ್ಮನ್ನೂ ಮುಗಿಸಿ ನಾನೂ ಸಾಯುತ್ತೇನೆ’ ಎಂದಿದ್ದಾರೆಯೇ? ಇವುಗಳಲ್ಲಿ ಒಂದಕ್ಕೆ ಹೌದಾದರೂ ಮೇಲೆ ಹೇಳಿದ ನಡುದಾರಿಯನ್ನು ಬದಿಗಿಟ್ಟು ಪೂರ್ತಿ ನಿಷೇಧವನ್ನೇ ಕೇಳಿ. ಜೀವಾಪಾಯದ ಗುರುತುಗಳಲ್ಲಿ ಇವು ಮೊದಲ ಸಾಲಿನವು, ಹೆಂಡತಿ ಮನೆ ಬಿಟ್ಟ ನಂತರದ ತಿಂಗಳುಗಳಲ್ಲಿ ಅಪಾಯ ಇಳಿಯುವ ಬದಲು ಏರುವುದುಂಟು. ಶಸ್ತ್ರ ಕಾಯ್ದೆಯ ಪರವಾನಗಿಯಿಂದ ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಲಾಗಿದೆ. ಹೀಗಾಗಿ ಬೇರೆ ಜಿಲ್ಲೆಗಳಂತೆ ‘ಲೈಸೆನ್ಸ್ ಅಮಾನತು ಮಾಡಿ’ ಎಂದು ಕೇಳಿ ಪ್ರಯೋಜನವಿರಲಾರದು, ಅಮಾನತು ಮಾಡಲು ಲೈಸೆನ್ಸೇ ಇರದಿರಬಹುದು. ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ನಿರ್ದಿಷ್ಟ ಆದೇಶವನ್ನೇ ಕೇಳಿ. ಹಿಂಸೆಯಲ್ಲಿ ಬಳಕೆಯಾದ ಆಯುಧವನ್ನು ವಶಕ್ಕೆ ಪಡೆಯುವಂತೆ ಮ್ಯಾಜಿಸ್ಟ್ರೇಟರು ಸಂರಕ್ಷಣಾಧಿಕಾರಿಗೆ (ನೊಂದ ಮಹಿಳೆಗೆ ನೆರವಾಗುವ ಸರ್ಕಾರಿ ಅಧಿಕಾರಿ) ಹೇಳಲು ಕೌಟುಂಬಿಕ ಹಿಂಸೆ ಕಾಯ್ದೆಯ 2006ರ ನಿಯಮಗಳಲ್ಲಿ ಅವಕಾಶವಿದೆ. ಚುನಾವಣೆ ಬಂದಾಗ ಕೋವಿ ಠೇವಣಿಯ ಮಾತು ಕೇಳಿ ಅಭ್ಯಾಸವಿರುವ ಜಿಲ್ಲೆಯಲ್ಲಿ ಇದು ವಿಚಿತ್ರ ಕೋರಿಕೆಯೂ ಅಲ್ಲ.

ಅರ್ಜಿ ಎಲ್ಲಿ ಹಾಕುವುದು? ಎರಡು ಬಾಗಿಲಿವೆ. ಅವರ ಅರ್ಜಿ ಇರುವ ನ್ಯಾಯಾಲಯದಲ್ಲೇ ತಕರಾರು ಸಲ್ಲಿಸಿ, ಮೇಲಿನ ಷರತ್ತುಗಳ ಮಧ್ಯಂತರ ಅರ್ಜಿ ಹಾಕಬಹುದು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆಯ ಪರಿಹಾರಗಳನ್ನು ಅದೇ ನ್ಯಾಯಾಲಯದಲ್ಲಿ ಕೇಳಲು ಆ ಕಾಯ್ದೆಯ 26ನೇ ಕಲಂ ಬಿಡುತ್ತದೆ. ಇಲ್ಲವೇ, ನೀವು ಈಗ ಇರುವ ಸೋಮವಾರಪೇಟೆಯ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದಲ್ಲಿ ಅದೇ ಕಾಯ್ದೆಯ 12ನೇ ಕಲಮಿನಡಿ ಪ್ರತ್ಯೇಕ ಅರ್ಜಿ ಹಾಕಬಹುದು. ತಾತ್ಕಾಲಿಕವಾಗಿ ವಾಸವಿದ್ದರೂ ಸಾಕು. ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಇರಬೇಕು ಎಂದು ಕಾಯ್ದೆ ಹೇಳುತ್ತದೆ. ತುರ್ತಿದ್ದರೆ 23ನೇ ಕಲಮಿನಡಿ ಎದುರು ಪಕ್ಷವನ್ನು ಕೇಳದೆಯೂ ಮಧ್ಯಂತರ ಆದೇಶ ಕೊಡಬಹುದು. ನಿಮಗೆ ಬೇಕಾದ ಸಾಲು 21ನೇ ಕಲಮಿನ ಕೊನೆಯಲ್ಲಿದೆ: ಭೇಟಿಯಿಂದ ಮಗುವಿನ ಹಿತಕ್ಕೆ ಹಾನಿಯಾಗಬಹುದು ಎಂದು ಮ್ಯಾಜಿಸ್ಟ್ರೇಟರಿಗೆ ಅನಿಸಿದರೆ ಅವರು ಭೇಟಿಯನ್ನು ನಿರಾಕರಿಸಲೇಬೇಕು. ‘ನಿರಾಕರಿಸಬಹುದು’ ಎಂದಿಲ್ಲ. ರಕ್ಷಣಾ ಆದೇಶ ಮುರಿದರೆ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಎರಡನೆಯ ಬಾಗಿಲು ಬೇಗ ತೆರೆಯುತ್ತದೆ, ಆದರೆ ಎರಡು ಕೋರ್ಟುಗಳಲ್ಲಿ ಎರಡು ಕಥೆಯಾಗುವ ಅಪಾಯ ತರುತ್ತದೆ. ಒಂದರಲ್ಲಿ ‘ಎರಡು ಸಲ ಬೆಲ್ಟು’, ಇನ್ನೊಂದರಲ್ಲಿ ‘ಪದೇಪದೇ ಬೆಲ್ಟು’ ಎಂದು ಬರೆದರೆ ಪಾಟೀ ಸವಾಲು ಅಲ್ಲೇ ಮುಗಿಯಿತು. ಒಂದು ಕಡೆ ಆದೇಶ ಸಿಕ್ಕರೆ ಇನ್ನೊಂದು ಕಡೆ ತಿಳಿಸಲೇಬೇಕು. ಅರ್ಜಿಗೆ ಮೊದಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನು ಕಾಣಿ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಕೆಲಸ ಅವರದೇ. ಅವರು ತುಂಬುವ ಕೌಟುಂಬಿಕ ಘಟನಾ ವರದಿಯಲ್ಲಿ ಮಕ್ಕಳಿಗೆ ಆದದ್ದನ್ನು ಬೇರೆಯಾಗಿ ಬರೆಸಿ. ಹೆಚ್ಚಿನವರು ತಮ್ಮ ಹೊಡೆತಗಳನ್ನಷ್ಟೇ ಹೇಳಿ ಬರುತ್ತಾರೆ, ಆಮೇಲೆ ‘ಮಕ್ಕಳ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲವಲ್ಲ’ ಎಂದು ಕೇಳಿಸಿಕೊಳ್ಳುತ್ತಾರೆ. ವಕೀಲರ ಖರ್ಚಿಗೆ ಹೆದರಬೇಡಿ: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಡಿ ಮಹಿಳೆಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಮಡಿಕೇರಿಯ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮಕ್ಕಳಿಗೆ ಸಂಬಂಧಿಸಿದ ತುರ್ತಿಗೆ 1098 ಇದೆ.

ಬಾಲನ್ಯಾಯ ಕಾಯ್ದೆಯ 75ನೇ ಕಲಮಿನಡಿ ಪೊಲೀಸ್ ದೂರು ಕೊಡಬೇಕೇ ಎಂಬುದು ನಿಮ್ಮ ತೀರ್ಮಾನ. ಕೊಟ್ಟರೆ ರಾಜಿಯ ದಾರಿ ಕಿರಿದಾಗುತ್ತದೆ, ‘ಕೇಸಿಗೆ ಕೇಸು’ ಎಂಬ ಮಾತು ಬರುತ್ತದೆ. ಕೊಡದಿದ್ದರೆ ‘ಅಷ್ಟು ಗಂಭೀರವಾಗಿದ್ದರೆ ದೂರೇಕಿಲ್ಲ?’ ಎಂಬ ಪ್ರಶ್ನೆ ಬರುತ್ತದೆ. ಬೆಲ್ಟಿನ ಹೊಡೆತಕ್ಕೆ ಆಗಿನ ವೈದ್ಯಕೀಯ ದಾಖಲೆ ಇದ್ದರೆ ಕೊಡಿ ಎನ್ನುತ್ತೇನೆ. ಲೈಂಗಿಕವಾದದ್ದರ ಸುಳಿವೇನಾದರೂ ಇದ್ದರೆ ಮಾತ್ರ ಆಯ್ಕೆಯ ಪ್ರಶ್ನೆಯೇ ಇಲ್ಲ. ಪೋಕ್ಸೊ ಕಾಯ್ದೆಯ 19ನೇ ಕಲಮಿನಡಿ ತಿಳಿದವರು ತಿಳಿಸಲೇಬೇಕು.

ಹಿರಿಯರು ಮತ್ತೆ ಕೂತು ಛಾಪಾ ಕಾಗದದ ಮೇಲೆ ಬರೆಸೋಣ ಎಂದರೆ, ಅವರ ಮೇಲಿನ ಗೌರವ ಬಿಡದೆಯೇ ಸಹಿಯನ್ನು ಮುಂದಕ್ಕೆ ಹಾಕಿ. ಮಕ್ಕಳ ಸುಪರ್ದಿಯ ಬಗ್ಗೆ ಅಂಥ ಕಾಗದ ನ್ಯಾಯಾಲಯದ ಕೈ ಕಟ್ಟುವುದಿಲ್ಲ, ಆದರೆ ‘ಆಗ ಯಾವ ಹಿಂಸೆಯ ಮಾತೂ ಎತ್ತಿರಲಿಲ್ಲ’ ಎಂಬುದಕ್ಕೆ ಸಾಕ್ಷಿಯಾಗಿ ಮಾತ್ರ ಬಂದು ಕೂರುತ್ತದೆ. ಮೂರು ತಿಂಗಳು ಕಳಿಸಿದ್ದಕ್ಕೆ ಕಾರಣವನ್ನೂ ನಿಮ್ಮ ಪ್ರಮಾಣಪತ್ರದಲ್ಲಿ (ಅಫಿಡವಿಟ್) ನೀವೇ ಬರೆಯಿರಿ: ಹಿರಿಯರ ಮಾತು ಮೀರಲಾಗಲಿಲ್ಲ, ಸರಿಹೋಗಬಹುದೆಂಬ ಆಸೆ ಇತ್ತು. ನಾಚಿಕೆ ಪಡುವಂಥದ್ದೇನೂ ಅದರಲ್ಲಿಲ್ಲ.

ನ್ಯಾಯಾಧೀಶರು ಮಗಳನ್ನು ಚೇಂಬರಿಗೆ ಕರೆದು ಒಬ್ಬಳೇ ಕೂರಿಸಿ ಮಾತಾಡಿಸುವ ಸಾಧ್ಯತೆ ಇದೆ. ಹಿಂದಿನ ರಾತ್ರಿ ತಾಲೀಮು ಮಾಡಿಸಬೇಡಿ. ಹೊಸ ಬಟ್ಟೆ, ಚಾಕೊಲೇಟಿನ ಆಸೆ ಬೇಡ. ಬೆಳಿಗ್ಗೆ ತಿಂಡಿ ಸರಿಯಾಗಿ ತಿನ್ನಿಸಿ, ಕಾಯುವುದಕ್ಕೆ ಒಂದು ಪುಸ್ತಕ, ಒಂದು ಜತೆ ಬದಲಿ ಬಟ್ಟೆ ಚೀಲದಲ್ಲಿರಲಿ. ಅವಳಿಗೆ ಹೇಳಬೇಕಾದದ್ದು ಇಷ್ಟು: ‘ಅಲ್ಲಿ ಒಬ್ಬರು ನಿನ್ನ ಹತ್ತಿರ ಮಾತಾಡ್ತಾರೆ. ಕೇಳಿದ್ದಕ್ಕೆ ನಿಜ ಹೇಳು. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು. ಅಪ್ಪ ಬೇಕಾ ಅವ್ವ ಬೇಕಾ ಅಂತ ನೀನು ತೀರ್ಮಾನ ಮಾಡ್ಬೇಕಾಗಿಲ್ಲ, ಅದು ಅವರ ಕೆಲಸ.’ ಹೊರಗೆ ಬಂದ ಮೇಲೆ ‘ಏನು ಹೇಳಿದೆ?’ ಎಂದು ಕೇಳಬೇಡಿ.